ಹೋದದ್ದು ಗ್ಯಾಸೋ, ನಮ್ಮ ಬುದ್ಧಿಯೋ?

ಏಪ್ರಿಲ್-ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಎರಡು ದೂರು ತಪ್ಪದೆ ಕೇಳಿಬರುತ್ತವೆ. ಒಂದು, ಊರಿಗೆ ಹೋಗಲು ರೈಲು ಟಿಕೆಟ್ ಸಿಗಲಿಲ್ಲ ಎಂಬುದು. ಇನ್ನೊಂದು, ಫ್ರಿಜ್ ನಿಲ್ಲುವುದೇ ಇಲ್ಲ, ಹಗಲೂ ರಾತ್ರಿ ಗುಂಯ್ ಎನ್ನುತ್ತಲೇ ಇದೆ ಎಂಬುದು. ಮೊದಲನೆಯದಕ್ಕೆ ಯಾರಲ್ಲಿಯೂ ಪರಿಹಾರವಿಲ್ಲ. ಎರಡನೆಯದಕ್ಕೆ ಎಲ್ಲರಲ್ಲಿಯೂ ಇದೆ: "ಗ್ಯಾಸ್ ಹೋಗಿರಬೇಕು, ತುಂಬಿಸಿಬಿಡಿ."

ಮೆಕ್ಯಾನಿಕ್ ಬರುವುದಕ್ಕೆ ಮೊದಲೇ ಈ ಮಾತನ್ನು ಪಕ್ಕದ ಮನೆಯವರು ಹೇಳಿರುತ್ತಾರೆ. ಮಹಿಳಾ ವಿಭಾಗದ ಅರಸಿನ ಕುಂಕುಮದಲ್ಲಿ ಭೇಟಿಯಾದ ಇನ್ನಿಬ್ಬರು ಅನುಮೋದಿಸಿರುತ್ತಾರೆ. ಹೀಗಾಗಿ ಮೆಕ್ಯಾನಿಕ್ ಬಂದು, ಬಾಗಿಲು ತೆರೆದು, ಒಳಗೊಮ್ಮೆ ಕೈಯಾಡಿಸಿ, ತಲೆಯಾಡಿಸಿ "ಗ್ಯಾಸ್ ಖತಮ್" ಎಂದಾಗ ನಮಗೆ ಬೇಸರವೂ ಆಗುವುದಿಲ್ಲ; ನಮ್ಮ ಊಹೆ ನಿಜವಾಯಿತಲ್ಲ ಎಂಬ ಒಂದು ಬಗೆಯ ಸಮಾಧಾನವೇ ಆಗುತ್ತದೆ. ಎರಡು ಸಾವಿರವೋ ಮೂರು ಸಾವಿರವೋ ಎಣಿಸಿಕೊಟ್ಟು, ಚಹಾ ಕುಡಿಸಿ ಕಳುಹಿಸುತ್ತೇವೆ. ನಾವು ಇಲ್ಲಿ ಜಗಳಕ್ಕೆ ನಿಂತಿರುವುದು ಈ ಎರಡು ಶಬ್ದಗಳೊಡನೆ. ನಿಲ್ಲದೆ ಓಡುವ ಫ್ರಿಜ್ಜಿಗೆ ಕಾರಣಗಳು ಅನೇಕವಿದ್ದು, ಅವುಗಳಲ್ಲಿ ಗ್ಯಾಸು ಹೋಗುವುದು ಕೊನೆಗೆ ಯೋಚಿಸಬೇಕಾದದ್ದು; ಅದನ್ನೇ ಎಲ್ಲಕ್ಕಿಂತ ಮೊದಲು ಹೇಳುವ ರೂಢಿ ಬೆಳೆದದ್ದು ಮೆಕ್ಯಾನಿಕನ ದುರಾಸೆಯಿಂದಷ್ಟೇ ಅಲ್ಲ, ನಮ್ಮ ಸೋಮಾರಿತನದಿಂದ ಕೂಡ ಎಂಬುದು ನಮ್ಮ ವಾದ.

ಮೊದಲು ಈ ಗ್ಯಾಸ್ ಎಂದರೇನು ಎಂಬುದನ್ನು ನೋಡೋಣ. ಅಡಿಗೆಯ ಸಿಲಿಂಡರಿನ ಗ್ಯಾಸು ಉರಿದು ಮುಗಿಯುತ್ತದೆ. ಸ್ಕೂಟರಿನ ಪೆಟ್ರೋಲೂ ಹಾಗೆಯೇ. ಈ ಎರಡನ್ನೂ ನೋಡಿ ನೋಡಿ ನಮಗೆ ಫ್ರಿಜ್ಜಿನ ಗ್ಯಾಸೂ ಬಳಸಿದಂತೆ ಖರ್ಚಾಗುತ್ತದೆ ಎಂಬ ಭ್ರಮೆ ಹತ್ತಿಕೊಂಡಿದೆ. ಫ್ರಿಜ್ಜಿನಲ್ಲಿ ಅದು ಉರಿಯುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಸುಮ್ಮನೆ ಸುತ್ತು ಹಾಕುತ್ತದೆ. ಕೆಳಗಿರುವ ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಹಿಂಬದಿಯಲ್ಲೋ ಪಕ್ಕದ ಗೋಡೆಯೊಳಗೋ ಇರುವ ಕಂಡೆನ್ಸರ್ ಕೊಳವೆಯಲ್ಲಿ ಅದು ತನ್ನ ಬಿಸಿಯನ್ನು ನಮ್ಮ ಅಡಿಗೆಮನೆಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ಕೂದಲಿನಂಥ ಸಣ್ಣ ರಂಧ್ರವುಳ್ಳ ಕೊಳವೆಯ ಮೂಲಕ ನುಸುಳಿ ಫ್ರೀಜರಿನ ಸುರುಳಿಯನ್ನು ಸೇರಿದಾಗ ಒತ್ತಡ ಇಳಿದು, ಒಳಗಿನ ಬಿಸಿಯನ್ನು ಹೀರಿಕೊಂಡು ಮತ್ತೆ ಆವಿಯಾಗುತ್ತದೆ. ಮರಳಿ ಕಂಪ್ರೆಸರಿಗೆ ಬರುತ್ತದೆ. ಇಪ್ಪತ್ತು ವರ್ಷ ಸುತ್ತಿದರೂ ಒಂದು ಗ್ರಾಮೂ ಸವೆಯಬೇಕಾದ ಕಾರಣವಿಲ್ಲ. ಮೈಯಲ್ಲಿ ನೆತ್ತರು ಓಡಾಡಿ ಓಡಾಡಿ ತೀರಿಹೋಯಿತು ಎಂದು ಯಾವ ಡಾಕ್ಟರಾದರೂ ಹೇಳಿದ್ದುಂಟೆ? ನೆತ್ತರು ಕಡಿಮೆಯಾಗಿದ್ದರೆ ಎಲ್ಲೋ ಗಾಯವಿರಬೇಕು. ಗ್ಯಾಸು ಕಡಿಮೆಯಾಗಿದ್ದರೆ ಎಲ್ಲೋ ತೂತಿರಬೇಕು. ಆ ತೂತನ್ನು ಹುಡುಕದೆ, ಮುಚ್ಚದೆ, ಮೇಲಿನಿಂದ ಗ್ಯಾಸು ತುಂಬಿಸುವವನು ಒಡಕು ಕೊಡದಲ್ಲಿ ನೀರು ತುಂಬುವವನು. ಬೇಸಿಗೆಗೊಮ್ಮೆ "ಗ್ಯಾಸ್ ಭರ್ತಿ" ಮಾಡಿಸುವುದನ್ನು ಸ್ಕೂಟರಿನ ಸರ್ವಿಸಿಂಗಿನಂತೆ ವಾಡಿಕೆ ಮಾಡಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ನಾವೂ ಇದ್ದೆವು.

ಹೌದು, ನಾವೇ. ಪರೋಪದೇಶದ ಮೊದಲು ನಮ್ಮ ಮನೆಯ ಕಥೆಯನ್ನು ಹೇಳಿಬಿಡುವುದು ನ್ಯಾಯ. ನಮ್ಮದು ಎರಡು ಬಾಗಿಲಿನ, ಮಂಜುಗಡ್ಡೆ ಕಟ್ಟುವುದಿಲ್ಲ ಎಂದು ಹೇಳಿ ಮಾರುವ ಫ್ರಾಸ್ಟ್-ಫ್ರೀ ಜಾತಿಯ ಫ್ರಿಜ್. 2018ರ ಬೇಸಿಗೆಯಲ್ಲಿ ಅದು ನಿಲ್ಲದೆ ಓಡತೊಡಗಿತು. ಮೇಲೆ ಐಸ್ ಕಟ್ಟುತ್ತಿತ್ತು. ಕೆಳಗೆ ಹಾಲು ಒಡೆಯುತ್ತಿತ್ತು. ಮೆಕ್ಯಾನಿಕ್ ಬಂದ, ಗ್ಯಾಸ್ ಖತಮ್ ಎಂದ, ತುಂಬಿಸಿದ. ಮೂರು ವಾರ ಬಹಳ ಚೆನ್ನಾಗಿ ನಡೆಯಿತು. ಮತ್ತೆ ಅದೇ ರಾಗ. ಮತ್ತೆ ಕರೆದೆವು, ಮತ್ತೆ ತುಂಬಿಸಿದ. ಹೀಗೆ ಒಂದು ವರ್ಷದಲ್ಲಿ ಮೂರು ಸಲ. ಪ್ರತಿ ಸಲವೂ ಕೆಲವು ವಾರ ಸರಿಯಾಗಿಯೇ ಇರುತ್ತಿದ್ದುದರಿಂದ ಅವನ ರೋಗನಿದಾನದ ಮೇಲೆ ನಮಗೆ ಸಂಶಯವೇ ಬರಲಿಲ್ಲ. ಫ್ರಿಜ್ಜಿಗೇ ವಯಸ್ಸಾಯಿತು ಎಂದುಕೊಂಡೆವು.

ನಾಲ್ಕನೆಯ ಸಲ ಕರೆಯುವ ಮೊದಲು ಹುಬ್ಬಳ್ಳಿಯಿಂದ ನಮ್ಮ ತಂಗಿಯ ಮಗ ಒಂದು ಮದುವೆಗೆಂದು ಬಂದಿದ್ದ. ಐ.ಟಿ.ಐ.ಯಲ್ಲಿ ರೆಫ್ರಿಜರೇಶನ್ ಕಲಿತ ಹುಡುಗ. ಫ್ರೀಜರಿನ ಒಳಗಡೆ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ಬಿಚ್ಚಿ, "ಮಾಮಾ, ಇಲ್ಲಿ ನೋಡ್ರಿ" ಎಂದ. ಹಲಗೆಯ ಹಿಂದೆ ಸುರುಳಿಯೇ ಕಾಣುತ್ತಿರಲಿಲ್ಲ. ಬಿಳಿಯ ಗೋಡೆಯಂತೆ ಮಂಜುಗಡ್ಡೆ ಗಟ್ಟಿಯಾಗಿ ನಿಂತಿತ್ತು. ಈ ಜಾತಿಯ ಫ್ರಿಜ್ಜಿನಲ್ಲಿ ಮಂಜು ಕಟ್ಟುವುದೇ ಇಲ್ಲವೆಂಬುದು ಸುಳ್ಳು. ಕಟ್ಟುತ್ತದೆ, ನಮ್ಮ ಕಣ್ಣಿಗೆ ಬೀಳದಂತೆ ಹಲಗೆಯ ಹಿಂದೆ ಕಟ್ಟುತ್ತದೆ. ಆಗಾಗ ಒಂದು ಹೀಟರ್ ತಾನಾಗಿ ಹೊತ್ತಿಕೊಂಡು ಅದನ್ನು ಕರಗಿಸುತ್ತದೆ; ನೀರು ಹಿಂದಿನ ತಟ್ಟೆಗೆ ಇಳಿದು ಆರಿಹೋಗುತ್ತದೆ. ನಮ್ಮದರಲ್ಲಿ ಆ ಹೀಟರಿಗೆ ಕರೆಂಟು ಕೊಡುವ ಸಣ್ಣ ಥರ್ಮೋಸ್ಟಾಟ್ ಕೆಟ್ಟಿತ್ತು. ಮಂಜು ಬೆಳೆದು ಗಾಳಿಯ ದಾರಿಯನ್ನು ಮುಚ್ಚಿತು. ಫ್ಯಾನು ತಿರುಗಿದರೂ ತಂಪು ಗಾಳಿ ಕೆಳಗಿನ ಖಾನೆಗೆ ಇಳಿಯಲಿಲ್ಲ. ಕೆಳಗೆ ತಂಪಾಗದ ಕಾರಣ ಕಂಪ್ರೆಸರಿಗೆ ನಿಲ್ಲು ಎಂಬ ಅಪ್ಪಣೆ ಬರಲೇ ಇಲ್ಲ. ಗ್ಯಾಸು ಇದ್ದಲ್ಲೇ ಇತ್ತು.

ಹಾಗಾದರೆ ಗ್ಯಾಸು ತುಂಬಿಸಿದ ಮೇಲೆ ಪ್ರತಿ ಸಲವೂ ಮೂರು ವಾರ ಸರಿಹೋದದ್ದು ಹೇಗೆ? ಹುಡುಗ ನಕ್ಕುಬಿಟ್ಟ. ಗ್ಯಾಸು ತುಂಬಿಸುವ ನೆಪದಲ್ಲಿ ಮೆಕ್ಯಾನಿಕ್ ಫ್ರಿಜ್ಜನ್ನು ಆರಿಸಿ, ಬಾಗಿಲು ತೆರೆದಿಟ್ಟು, ಅರ್ಧ ದಿನ ಬಿಡುತ್ತಿದ್ದ. ಅಷ್ಟರಲ್ಲಿ ಮಂಜು ತಾನಾಗಿ ಕರಗುತ್ತಿತ್ತು, ಗಾಳಿಯ ದಾರಿ ತೆರೆಯುತ್ತಿತ್ತು. ನಾವು ಮೂರು ಸಲ ಸಾವಿರಾರು ರೂಪಾಯಿ ಕೊಟ್ಟದ್ದು ಸ್ವಿಚ್ ಆರಿಸಿದ್ದಕ್ಕೆ! ಹೊಸ ಥರ್ಮೋಸ್ಟಾಟಿಗೆ ತಗಲಿದ್ದು ಕೆಲವೇ ನೂರು.

ಹಣ ಹೋದದ್ದು ಹೋಗಲಿ. ನಮ್ಮ ಅತ್ತಿಗೆಯವರ ಇನ್ಸುಲಿನ್ ಅದೇ ಕೆಳಗಿನ ಖಾನೆಯಲ್ಲಿತ್ತು. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು ಎಂಬುದು ಅದರ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ಆ ಹುಡುಗ ಥರ್ಮಾಮೀಟರ್ ಇಟ್ಟು ನೋಡಿದ ದಿನ ನಮ್ಮ ಫ್ರಿಜ್ಜಿನಲ್ಲಿ 17 ಡಿಗ್ರಿ ಇತ್ತು. ಆ ವರ್ಷವೆಲ್ಲ ಅತ್ತಿಗೆಯವರ ಸಕ್ಕರೆ ಹತೋಟಿಗೆ ಬಂದಿರಲಿಲ್ಲ. ನಾವು ಮನೆಯವರೆಲ್ಲ ಸೇರಿ ಅವರ ಬಾಯಿಚಪಲವನ್ನು ದೂರಿದ್ದೆವು. ಕದ್ದು ಹೋಳಿಗೆ ತಿನ್ನುತ್ತಾರೆಂದು ತಮಾಷೆಯನ್ನೂ ಮಾಡಿದ್ದೆವು. ಸಕ್ಕರೆ ಏರಿದ್ದು ಔಷಧಿ ಕೆಟ್ಟದ್ದರಿಂದಲೇ ಎಂದು ಸಾಧಿಸಲು ನಮ್ಮಿಂದಾಗದು. ಆದರೆ ಆ ತಮಾಷೆ ಆ ಸಂಜೆಯಿಂದ ನಿಂತಿತು. ಫ್ರಿಜ್ ಎಂಬುದು ಐಸ್‌ಕ್ರೀಮಿನ ಶೋಕಿ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿಲ್ಲ.

ಇನ್ನು ನಿಲ್ಲದ ಫ್ರಿಜ್ಜಿನ ವಿಚಾರಣೆ ಹೇಗೆ ನಡೆಯಬೇಕು? ದೊಡ್ಡ ವಿದ್ಯೆಯೇನೂ ಬೇಡ; ಒಂದು ಸಾದಾ ಥರ್ಮಾಮೀಟರ್, ಜ್ವರದ್ದಲ್ಲ, ಫ್ರಿಜ್ಜಿಗೆಂದೇ ಅಗ್ಗವಾಗಿ ಸಿಗುವಂಥದು ಸಾಕು. ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಕೆಳಗಿನ ಖಾನೆಯ ನಡುವೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದೊಡನೆ ನೋಡಬೇಕು. 3-4 ಡಿಗ್ರಿಯ ಸುಮಾರಿಗಿದ್ದರೆ ಫ್ರಿಜ್ ತಂಪು ಮಾಡುತ್ತಿದೆ ಎಂದಾಯಿತು. ಗ್ಯಾಸಿನ ಮಾತನ್ನೇ ಎತ್ತುವಂತಿಲ್ಲ. ತಂಪಾಗಿಯೂ ಓಡುತ್ತಲೇ ಇದ್ದರೆ ಹೊರಗಿನ ಬಿಸಿ ಎಲ್ಲಿಂದಲೋ ಒಳಗೆ ಬರುತ್ತಿದೆ, ಅಥವಾ ಒಳಗಿನ ಬಿಸಿ ಹೊರಗೆ ಹೋಗಲು ಒದ್ದಾಡುತ್ತಿದೆ, ಅಥವಾ ಥರ್ಮೋಸ್ಟಾಟ್ ನಿಲ್ಲಿಸಲು ಮರೆತಿದೆ. ಮೇಲೆ ಚೆನ್ನಾಗಿ ಗಟ್ಟಿಯಾಗುತ್ತಿದ್ದು ಕೆಳಗೆ ಬಿಸಿಯಾದರೆ ನಮ್ಮ ಮನೆಯ ಕಥೆ, ಗಾಳಿ ಓಡಾಡುತ್ತಿಲ್ಲ. ಮೇಲೂ ಇಲ್ಲ ಕೆಳಗೂ ಇಲ್ಲ, ಕಂಪ್ರೆಸರ್ ಮಾತ್ರ ಓಡುತ್ತಿದೆ, ಕಂಡೆನ್ಸರ್ ಮುಟ್ಟಿದರೆ ಬೆಚ್ಚಗೂ ಇಲ್ಲ, ಫ್ರೀಜರಿನ ಸುರುಳಿಯ ಒಂದು ತುದಿಯಲ್ಲಷ್ಟೇ ಸ್ವಲ್ಪ ಮಂಜು, ಉಳಿದದ್ದು ಒಣ: ಆಗ ಮಾತ್ರ ಗ್ಯಾಸಿನ ಮೇಲೋ ಕಂಪ್ರೆಸರಿನ ಮೇಲೋ ಸಂಶಯಪಡಬಹುದು. ಈ ಒಂದು ರಾತ್ರಿಯ ಪರೀಕ್ಷೆಯನ್ನು ಮಾಡಿದ ಮೆಕ್ಯಾನಿಕನನ್ನು ನಾವು ಇದುವರೆಗೆ ಕಂಡಿಲ್ಲ. ಮಾಡಿದ ಗೃಹಸ್ಥರನ್ನೂ ಕಂಡಿಲ್ಲ.

ಬಿಸಿ ಹೊರಹೋಗಲು ಒದ್ದಾಡುವ ಸಂಗತಿಗೆ ಬರೋಣ. ಇದರಲ್ಲಿ ಮೊದಲ ಅಪರಾಧಿ ನಮ್ಮ ಫ್ಲ್ಯಾಟುಗಳ ಬಿಲ್ಡರು. ಅಡಿಗೆಮನೆಯಲ್ಲಿ ಫ್ರಿಜ್ಜಿಗೆಂದು ಒಂದು ಗೂಡು ಬಿಟ್ಟಿರುತ್ತಾನೆ. ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಫ್ರಿಜ್ ಅದರೊಳಗೆ ಹೊಕ್ಕುಬಿಡುತ್ತದೆ. ಮೇಲೆ ಮರದ ಕಪಾಟು, ಎರಡೂ ಬದಿಗೆ ಗೋಡೆ, ಒಂದು ಮಾರು ದೂರದಲ್ಲಿ ಒಲೆ. ಒಳಗಿನಿಂದ ಎತ್ತಿದ ಬಿಸಿಯನ್ನೂ ಕಂಪ್ರೆಸರಿನ ಬಿಸಿಯನ್ನೂ ಆ ಫ್ರಿಜ್ ಎಲ್ಲಿಗೆ ಬಿಡಬೇಕು? ತಾನು ಬಿಟ್ಟ ಬಿಸಿಯಲ್ಲಿಯೇ ತಾನು ಬೇಯುತ್ತ ಓಡುತ್ತದೆ. ಹಿಂಬದಿಗೂ ಬದಿಗಳಿಗೂ ನಾಲ್ಕಾರು ಬೆರಳಿನ ಜಾಗ, ಮೇಲೆ ಇನ್ನಷ್ಟು, ಇರಲೇಬೇಕು. ಅದಿಲ್ಲದಿದ್ದರೆ ಗೂಡಿನ ಶೋಭೆಯನ್ನು ಬಿಟ್ಟು ಫ್ರಿಜ್ಜನ್ನು ಒಂದು ಗೇಣು ಮುಂದಕ್ಕೆ ಎಳೆಯಬೇಕು. ಎರಡನೆಯ ಅಪರಾಧಿ, ಸಹೋದರಿಯರು ಕ್ಷಮಿಸಬೇಕು, ಫ್ರಿಜ್ ಕವರ್. ಹೂವಿನ ಚಿತ್ತಾರದ, ಎರಡೂ ಬದಿಗೆ ಜೇಬುಗಳಿರುವ, ಆ ಜೇಬುಗಳಲ್ಲಿ ಹಾಲಿನ ಲೆಕ್ಕದಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ತುರುಕಿಟ್ಟಿರುವ ಆ ಬಟ್ಟೆ. ಹಿಂದಿನ ಕಾಲದ ಫ್ರಿಜ್ಜಿನ ಬೆನ್ನಿನ ಮೇಲೆ ಕರಿಯ ತಂತಿಗಳ ಜಾಲರಿ ಕಾಣುತ್ತಿತ್ತು. ಈಗಿನ ಅನೇಕ ಫ್ರಿಜ್ಜುಗಳಲ್ಲಿ ಆ ಕೊಳವೆ ಪಕ್ಕದ ತಗಡಿನ ಒಳಗೇ ಇದೆ. ಅದಕ್ಕಾಗಿಯೇ ಪಕ್ಕದ ಮೈ ಬೆಚ್ಚಗಿರುವುದು; ಅದು ದೋಷವಲ್ಲ, ಅದರ ಕೆಲಸ. ಅಲ್ಲಿಗೆ ಕಂಬಳಿ ಹೊದಿಸಿದಂತೆ ಕವರ್ ಹೊದಿಸಿ, ಜೇಬು ತುಂಬಿ, ಆಮೇಲೆ ಫ್ರಿಜ್ ನಿಲ್ಲುವುದಿಲ್ಲ ಎಂದರೆ ಹೇಗೆ?

ಜಾಲರಿಯಿರುವ ಹಳೆಯ ಫ್ರಿಜ್ಜಾದರೆ ಪ್ಲಗ್ಗು ಕಿತ್ತು, ಅದನ್ನು ಮುಂದಕ್ಕೆಳೆದು ಬೆನ್ನನ್ನೊಮ್ಮೆ ನೋಡಿ. ನಮ್ಮ ಒಗ್ಗರಣೆಯ ಜಿಡ್ಡಿಗೆ ಮುಂಬಯಿಯ ಧೂಳು ಸೇರಿ ಹತ್ತಿಯಂತೆ ಕಟ್ಟಿರುತ್ತದೆ. ವರ್ಷಕ್ಕೆರಡು ಸಲ ಮೃದುವಾದ ಬ್ರಶ್ಶಿನಿಂದ ತೆಗೆದರಾಯಿತು. ದೀಪಾವಳಿಗೆ ಮನೆಯೆಲ್ಲ ಗುಡಿಸಿ ಸಾರಿಸುವ ನಾವು ಫ್ರಿಜ್ಜಿನ ಎದುರು ಮೈಯನ್ನು ಕನ್ನಡಿಯಂತೆ ಒರೆಸುತ್ತೇವೆ. ಹಿಂದೆ ನೋಡುವುದು ಮನೆ ಬದಲಾಯಿಸುವಾಗ ಮಾತ್ರ.

ಬಿಸಿ ಒಳಗೆ ಬರುವ ದಾರಿ ಬಾಗಿಲಿನ ರಬ್ಬರು. ಒಂದು ನೋಟನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಬೆಣ್ಣೆಯಲ್ಲಿನ ಕೂದಲಿನಂತೆ ಬಂದರೆ ಆ ಜಾಗದಲ್ಲಿ ಮುಂಬಯಿಯ ಬಿಸಿಗಾಳಿ ಹಗಲಿರುಳು ಒಳಗೆ ನಡೆದಿದೆ. ನಾಲ್ಕೂ ಬದಿಗೆ, ಮೂಲೆಗಳಿಗೆ ಕೂಡ, ಹೀಗೆ ನೋಡಬೇಕು. ಮಳೆಗಾಲದಲ್ಲಿ ಇದರ ಕಾಟ ಇನ್ನೂ ಹೆಚ್ಚು. ಬರುವ ಗಾಳಿಯೊಡನೆ ನೀರಿನ ಆವಿಯೂ ಬಂದು, ಸುರುಳಿಯ ಮೇಲೆ ಮಂಜಾಗಿ ಕೂರುತ್ತದೆ. ಎಷ್ಟೋ ಸಲ ರಬ್ಬರು ಹರಿದಿರುವುದಿಲ್ಲ, ಚೆಲ್ಲಿದ ಹಾಲು, ಉಪ್ಪಿನಕಾಯಿಯ ಎಣ್ಣೆ ಹತ್ತಿ ಗಟ್ಟಿಯಾಗಿರುತ್ತದಷ್ಟೆ. ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ಶು ಸಾಕು. ಹರಿದಿದ್ದರೆ ಹೊಸದನ್ನು ಹಾಕಿಸಬಹುದು.

ಥರ್ಮೋಸ್ಟಾಟಿನ ಗುಂಡಿಯದು ಇನ್ನೊಂದು ಕಥೆ. ಮೇ ತಿಂಗಳ ಸೆಕೆಗೆ ಅದನ್ನು ಕಟ್ಟಕಡೆಯ ಅಂಕಿಗೆ ತಿರುಗಿಸುತ್ತೇವೆ. ಗಣೇಶ ಚೌತಿ ಬಂದರೂ ಅದು ಅಲ್ಲೇ ಇರುತ್ತದೆ. ಕಡೆಯ ಅಂಕಿ ಎಂದರೆ ಬೇಗ ತಂಪು ಮಾಡು ಎಂದು ಅರ್ಥವಲ್ಲ. ಅಷ್ಟು ತಂಪಾಗುವವರೆಗೆ ನಿಲ್ಲಬೇಡ ಎಂದು. 35 ಡಿಗ್ರಿಯ ಅಡಿಗೆಮನೆಯಲ್ಲಿ ಅಷ್ಟು ತಂಪು ಬರುವುದೇ ಇಲ್ಲ, ಅದು ನಿಲ್ಲುವುದೂ ಇಲ್ಲ. ಸ್ವತಃ ಅಪ್ಪಣೆ ಕೊಟ್ಟವರೇ ಅದನ್ನು ಪಾಲಿಸಿದ ಆಳಿನ ಮೇಲೆ ದೂರು ಹೇಳಿದಂತಾಯಿತು. ಹಬೆಯಾಡುವ ಸಾಂಬಾರಿನ ಪಾತ್ರೆಯನ್ನೂ ವಾರಕ್ಕಾಗುವಷ್ಟು ದೋಸೆಹಿಟ್ಟನ್ನೂ ಒಟ್ಟಿಗೇ ಒಳಗಿಟ್ಟು, ಗಾಳಿಗೆ ನುಸುಳಲೂ ಎಡೆಯಿಲ್ಲದಂತೆ ಮಾಡುವುದನ್ನು ವಿಸ್ತರಿಸಿ ಹೇಳಬೇಕಿಲ್ಲ.

ಒಂದು ಬಾಗಿಲಿನ ಸಾದಾ ಫ್ರಿಜ್ಜಿನವರಿಗೆ ಮಾತ್ರ ಒಂದು ಮಾತನ್ನು ಕಟುವಾಗಿಯೇ ಹೇಳಬೇಕು. ಮಂಜು ಕಟ್ಟಿದಾಗ ನಡುವಿನ ಗುಂಡಿಯನ್ನು ಒತ್ತಿ ಕರಗಲು ಬಿಡುವ ತಾಳ್ಮೆ ನಮಗಿಲ್ಲ. ಊರಿನಿಂದ ತಂದ ಮೀನಿನ ಪೊಟ್ಟಣ ಅಂಟಿಕೊಂಡಿದೆ, ನೆಂಟರು ಬಂದಿದ್ದಾರೆ, ಚಾಕು ತೆಗೆದುಕೊಂಡು ಮೀಟುತ್ತೇವೆ. ಆ ಫ್ರೀಜರಿನ ಗೋಡೆ ತೆಳುವಾದ ಅಲ್ಯೂಮಿನಿಯಮ್. ಗ್ಯಾಸು ಹರಿಯುವುದು ಅದರೊಳಗೇ. ಚಾಕುವಿನ ಮೊನೆ ತಾಗಿದ ಕೂಡಲೆ ಬುಸ್ ಎಂದು ಸದ್ದು. ಗ್ಯಾಸು ನಿಜವಾಗಿ ಹೋಗುವುದು ಹೀಗೆ. ಇಷ್ಟಾದ ಮೇಲೆ ಮೆಕ್ಯಾನಿಕನ ಮುಂದೆ ಚಾಕುವಿನ ಸಂಗತಿಯನ್ನು ಮುಚ್ಚಿಟ್ಟು, "ತಾನಾಗಿಯೇ ಹೋಯಿತು" ಎನ್ನುತ್ತೇವೆ.

ಇಲ್ಲಿಗೆ ನಮ್ಮ ಮಾತಿನ ಕಷ್ಟದ ಭಾಗ ಬಂತು. ಮೆಕ್ಯಾನಿಕನನ್ನು ಕಳ್ಳನೆನ್ನುವುದು ಸುಲಭ. ಅವನ ಕಡೆಯಿಂದ ಒಮ್ಮೆ ನೋಡಿ. ಆ ಹುಬ್ಬಳ್ಳಿಯ ಹುಡುಗನೇ ಹೇಳಿದ್ದು ಇದು. ಮನೆಗೆ ಹೋಗಿ, ಅರ್ಧ ಗಂಟೆ ಪರೀಕ್ಷಿಸಿ, "ನಿಮ್ಮ ಫ್ರಿಜ್ಜಿಗೇನೂ ಆಗಿಲ್ಲ, ಗೋಡೆಯಿಂದ ಸ್ವಲ್ಪ ಮುಂದಕ್ಕೆಳೆಯಿರಿ, ರಬ್ಬರು ತೊಳೆಯಿರಿ, ಮುನ್ನೂರು ರೂಪಾಯಿ ಕೊಡಿ" ಎಂದರೆ ಗೃಹಸ್ಥ ಕಣ್ಣು ಕೆಂಪಗೆ ಮಾಡುತ್ತಾನೆ: "ಏನು ಮಾಡಿದಿರೆಂದು ಮುನ್ನೂರು?" ಅದೇ ಒಂದು ಸಿಲಿಂಡರ್ ಹೊತ್ತು ತಂದು, ಪೈಪು ಚುಚ್ಚಿ, ಮೀಟರು ತೋರಿಸಿ, ಬೆಂಕಿಯಿಟ್ಟು ಬೆಸೆದರೆ ಮೂರು ಸಾವಿರವನ್ನೂ ಮಾತಿಲ್ಲದೆ ಕೊಡುತ್ತಾನೆ. ನಾವು ವಸ್ತುವಿಗೆ ದುಡ್ಡು ಕೊಡುತ್ತೇವೆ, ತಿಳಿವಳಿಕೆಗೆ ಕೊಡುವುದಿಲ್ಲ. ಡಾಕ್ಟರು ಔಷಧಿ ಬರೆಯದೆ ಕಳುಹಿಸಿದರೆ ಫೀಸು ದಂಡವಾಯಿತು ಎನ್ನುವ ಜನ ನಾವು. ನಿಜ ಹೇಳಿದವನಿಗೆ ದಂಡ, ಸುಳ್ಳು ಹೇಳಿದವನಿಗೆ ದಕ್ಷಿಣೆ ಎಂಬ ಪದ್ಧತಿಯನ್ನು ನಾವೇ ಕಟ್ಟಿಟ್ಟು, ಸುಳ್ಳು ಹೆಚ್ಚಾಯಿತೆಂದು ಗೋಳಾಡುವುದು ಯಾವ ನ್ಯಾಯ?

ಆದರೆ ಇದನ್ನು ಒಪ್ಪಿಕೊಂಡ ಮಾತ್ರಕ್ಕೆ ಅವನಿಗೆ ಪೂರ್ತಿ ಕ್ಷಮೆಯಿಲ್ಲ. ಕಾರಣ, ಗ್ಯಾಸಿನ ಆಟ ಈಗ ಬರಿಯ ಹಣದ ಆಟವಾಗಿ ಉಳಿದಿಲ್ಲ. ಹಿಂದೆ ಫ್ರಿಜ್ಜುಗಳಲ್ಲಿ ಇರುತ್ತಿದ್ದುದು ಆರ್-12 ಎಂಬ ಅನಿಲ. ಅದು ಉರಿಯುವಂಥದಲ್ಲ, ಆದರೆ ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು, 2010ರ ಹೊತ್ತಿಗೆ ನಮ್ಮಲ್ಲಿಯೂ ಆ ಜಾತಿಯ ಅನಿಲಗಳಿಗೆ ತೆರೆ ಬಿತ್ತು. ಅದರ ಜಾಗಕ್ಕೆ ಆರ್-134ಎ ಬಂತು. ಈಚಿನ ಫ್ರಿಜ್ಜುಗಳಲ್ಲಿ ಬಹುಮಟ್ಟಿಗೆ ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ಅಡಿಗೆ ಗ್ಯಾಸಿನ ಹತ್ತಿರದ ನೆಂಟ, ಹಾಗೆಯೇ ಹೊತ್ತಿಕೊಳ್ಳುತ್ತದೆ. ಒಂದು ಮನೆಯ ಫ್ರಿಜ್ಜಿನಲ್ಲಿ ಇರುವುದು ಕೆಲವೇ ಹತ್ತು ಗ್ರಾಮು, ಕೊಳವೆಯೊಳಗಿರುವವರೆಗೆ ಅಪಾಯವಿಲ್ಲ. ಆದರೆ ಕಿಟಕಿ ಮುಚ್ಚಿದ ಅಡಿಗೆಮನೆಯಲ್ಲಿ ಅದನ್ನು ಬುಸ್ಸೆಂದು ಹೊರಗೆ ಬಿಟ್ಟು, ಅಲ್ಲಿಯೇ ಬೆಸುಗೆಯ ಜ್ವಾಲೆ ಹಚ್ಚುವವನನ್ನು ಏನೆನ್ನಬೇಕು? ಯಾವ ಫ್ರಿಜ್ಜಿನಲ್ಲಿ ಯಾವ ಅನಿಲ, ಎಷ್ಟು ಗ್ರಾಮು ಎಂಬುದು ಅದರ ತಗಡಿನ ಫಲಕದ ಮೇಲೆಯೇ ಬರೆದಿರುತ್ತದೆ. ಅದನ್ನು ಓದದೆ, ಕೈಯಲ್ಲಿದ್ದ ಸಿಲಿಂಡರಿನ ಗ್ಯಾಸನ್ನೇ ತುಂಬಿಸಿ, ತೂಕವನ್ನೂ ನೋಡದೆ, ಕೊಳವೆಯ ತಂಪನ್ನು ಕೈಯಿಂದ ಮುಟ್ಟಿ "ಹಾಂ, ಆಯಿತು" ಎನ್ನುವವರೇ ಹೆಚ್ಚು.

ನಿಜವಾಗಿ ಗ್ಯಾಸು ಹೋಗಿದ್ದರೆ ಕೆಲಸ ಹೀಗೆ ನಡೆಯಬೇಕು: ಎಲ್ಲಿ ಸೋರಿತೆಂದು ಮೊದಲು ತೋರಿಸಬೇಕು. ಸಾಮಾನ್ಯವಾಗಿ ಅಲ್ಲಿ ಎಣ್ಣೆಯ ಕಲೆ ಇರುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಅದನ್ನು ಮುಚ್ಚಬೇಕು. ಫಿಲ್ಟರ್ ಡ್ರೈಯರ್ ಎಂಬ ಸಣ್ಣ ತಾಮ್ರದ ಕೊಳವೆಯನ್ನು ಹೊಸದಾಗಿ ಹಾಕಬೇಕು. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯಬೇಕು. ಆಮೇಲೆ ಫಲಕದಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಕಡಿಮೆಯಾದರೂ ಹೆಚ್ಚಾದರೂ ಕೆಡುಕೇ. ಪಂಪೂ ತಕ್ಕಡಿಯೂ ಇಲ್ಲದೆ ಬಂದವನನ್ನು ಬಾಗಿಲಿನಲ್ಲೇ ಕೈಮುಗಿದು ಕಳುಹಿಸಿ ಎನ್ನುತ್ತೇವೆ ನಾವು.

ಕಂಪನಿಗಳ ಪಾಲನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಈಗ ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜುಗಳು ಮನೆ ಮನೆಗೆ ಬಂದಿವೆ. ಇವುಗಳ ಸ್ವಭಾವವೇ ಬೇರೆ. ಹಳೆಯದರಂತೆ ಪೂರಾ ಓಡಿ ಪೂರಾ ನಿಲ್ಲುವುದಿಲ್ಲ. ವೇಗವನ್ನು ತಗ್ಗಿಸಿಕೊಂಡು ಮೆಲ್ಲಗೆ, ಹೆಚ್ಚು ಹೊತ್ತು, ಕೆಲವೊಮ್ಮೆ ಎಡೆಬಿಡದೆ ಓಡುತ್ತವೆ. ಹಾಗೆ ಓಡಿಯೇ ವಿದ್ಯುತ್ತು ಉಳಿಸುತ್ತವೆ. ಈ ಒಂದು ಸಂಗತಿಯನ್ನು ಮಾರುವಾಗ ತಿಳಿಯುವ ಭಾಷೆಯಲ್ಲಿ ಹೇಳಿದ್ದರೆ ಎಷ್ಟು ಮಂದಿ ಸುಮ್ಮನೆ ಮೆಕ್ಯಾನಿಕನನ್ನು ಕರೆಯುವುದು ತಪ್ಪುತ್ತಿತ್ತು! ಜಾಹೀರಾತನ್ನು ಕನ್ನಡ, ಮರಾಠಿ, ತಮಿಳಿನಲ್ಲಿ ಹಾಡಿ ಕುಣಿದು ಹೇಳಬಲ್ಲವರಿಗೆ ಪೆಟ್ಟಿಗೆಯೊಳಗಿನ ಪುಸ್ತಿಕೆಯನ್ನು ಆ ಭಾಷೆಗಳಲ್ಲಿ ಅಚ್ಚು ಹಾಕಲು ಏನು ಅಡ್ಡಿ? ಫ್ರಿಜ್ಜಿನ ಎದುರು ಅಂಟಿಸಿದ ನಕ್ಷತ್ರಗಳ ಚೀಟಿಯಂತೂ ಇದೆ. ಫ್ರಾಸ್ಟ್-ಫ್ರೀ ಫ್ರಿಜ್ಜುಗಳಿಗೆ ಅದು 2010ರಿಂದ ಕಡ್ಡಾಯ. ಒಳ್ಳೆಯದೇ. ಆದರೆ ಅದರ ಮೇಲಿರುವ ವರ್ಷದ ಯೂನಿಟ್ಟಿನ ಲೆಕ್ಕ ಪ್ರಯೋಗಶಾಲೆಯದು. ಗೂಡಿನಲ್ಲಿ ಕವರ್ ಹೊದ್ದು ನಿಂತ ಫ್ರಿಜ್ಜಿನದಲ್ಲ. ಐದು ನಕ್ಷತ್ರವನ್ನು ಗೂಡಿಗೆ ತುರುಕಿದರೆ ಎಷ್ಟು ಉಳಿಯುತ್ತವೋ ದೇವರೇ ಬಲ್ಲ.

"ಇಷ್ಟೆಲ್ಲ ತಾಪತ್ರಯವೇಕೆ, ಹಳೆಯದನ್ನು ಕೊಟ್ಟು ಹೊಸದು ತನ್ನಿ" ಎನ್ನುವ ಮಿತ್ರರೂ ಇದ್ದಾರೆ. ಕಂಪ್ರೆಸರೇ ಸತ್ತ, ಹದಿನೈದು-ಇಪ್ಪತ್ತು ವರ್ಷದ ಫ್ರಿಜ್ಜಾದರೆ ಅವರ ಮಾತು ಸರಿ. ಆದರೆ ರಬ್ಬರಿಗೂ ಧೂಳಿಗೂ ಹೆದರಿ ಫ್ರಿಜ್ ಬದಲಿಸುವವರು, ಹೊಸದನ್ನು ತಂದು ಅದೇ ಗೂಡಿನಲ್ಲಿಟ್ಟು ಅದೇ ಕವರನ್ನು ಹೊದಿಸುತ್ತಾರೆ. ಹಾಗೆಂದು ಓಡಿದರೆ ಓಡಲಿ ಎಂದು ಬಿಡುವಂತೆಯೂ ಇಲ್ಲ. 100 ವ್ಯಾಟಿನ ಕಂಪ್ರೆಸರ್ ದಿನದ ಅರ್ಧ ಓಡಿದರೆ 1.2 ಯೂನಿಟ್, ಇಡೀ ದಿನ ಓಡಿದರೆ 2.4. ತಿಂಗಳಿಗೆ 36 ಯೂನಿಟ್ ಹೆಚ್ಚು. ಅದೂ ಬಿಲ್ಲಿನ ಮೇಲಿನ ಸ್ಲ್ಯಾಬಿಗೆ, ಹೆಚ್ಚಿನ ದರಕ್ಕೆ ಹೋಗಿ ಸೇರುತ್ತದೆ. ಗ್ಯಾಸ್ ಭರ್ತಿಯ ಖರ್ಚು ನೆನಪಿನಲ್ಲಿ ಉಳಿಯುತ್ತದೆ. ಇದು ತಿಂಗಳು ತಿಂಗಳು ಸದ್ದಿಲ್ಲದೆ ಹೋಗುತ್ತಿರುತ್ತದೆ.

ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆದಿದೆ. ಮೋಸವಾದರೆ ದೂರು ಕೊಡಲು 1915 ಎಂಬ ಸಹಾಯವಾಣಿಯಿದೆ. ಇವುಗಳನ್ನು ಬಳಸಬೇಕಾದರೆ ನಮ್ಮ ಕೈಯಲ್ಲಿ ಒಂದು ಕಾಗದವಿರಬೇಕು. ನಮ್ಮ ಮೂರು ಸಲದ ಗ್ಯಾಸ್ ಭರ್ತಿಗೆ ಒಂದಕ್ಕಾದರೂ ರಸೀತಿ ಇರಲಿಲ್ಲ. ಕೇಳಿರಲಿಲ್ಲ, ರಸೀತಿ ಕೇಳಿದರೆ ಜಿ.ಎಸ್.ಟಿ. ಬೀಳುತ್ತದೆ ಎಂದಿದ್ದ, ಸುಮ್ಮನಾಗಿದ್ದೆವು. ಇನ್ನು ಮುಂದೆ ರಸೀತಿಯ ಮೇಲೆ ಮೂರು ಸಂಗತಿ ಬರೆಸಿಕೊಳ್ಳದೆ ಹಣ ಕೊಡುವುದಿಲ್ಲ: ಯಾವ ಗ್ಯಾಸು, ಎಷ್ಟು ಗ್ರಾಮು, ಎಲ್ಲಿ ಸೋರಿತ್ತು. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲೆರಡರ ಅಗತ್ಯವೇ ಇಲ್ಲ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಬಿನ್ನಹ. ವರ್ಷಕ್ಕೆ ನಾಲ್ಕು ಸನ್ಮಾನ ಸಮಾರಂಭ ಮಾಡುತ್ತೇವೆ. ಶಾಲು, ಹಾರ, ಫಲತಾಂಬೂಲಕ್ಕೆ ಕೊರತೆಯಿಲ್ಲ. ಅದರಲ್ಲಿ ಒಂದನ್ನು ಕಡಿಮೆ ಮಾಡಿ, ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಪಂಪೂ ತಕ್ಕಡಿಯೂ ಇರುವ ಬಲ್ಲ ಮೆಕ್ಯಾನಿಕನೊಬ್ಬನನ್ನು ಕರೆಸಿ, ಒಂದು ಫ್ರಿಜ್ಜಿನ ಹಿಂದು-ಮುಂದು ಎಲ್ಲ ಬಿಚ್ಚಿ ತೋರಿಸುವ ಏರ್ಪಾಡು ಮಾಡಬಾರದೆ? ಅವನಿಗೆ ಕೊಡುವ ಸಂಭಾವನೆಯಲ್ಲಿ ಚೌಕಾಸಿ ಮಾಡದಿದ್ದರಾಯಿತು. ಬಿಚ್ಚಲು ಫ್ರಿಜ್ ಬೇಕಾದರೆ ನಮ್ಮದನ್ನೇ ಕೊಡುತ್ತೇವೆ. ಅತ್ತಿಗೆಯವರ ಇನ್ಸುಲಿನ್ನನ್ನೂ ದೋಸೆಹಿಟ್ಟನ್ನೂ ಆ ಮಧ್ಯಾಹ್ನದ ಮಟ್ಟಿಗೆ ಯಾರಾದರೂ ನೆರೆಯವರು ತಮ್ಮ ಫ್ರಿಜ್ಜಿನಲ್ಲಿ ಇರಿಸಿಕೊಳ್ಳಬೇಕು, ಅಷ್ಟೆ. ಇರಿಸಿಕೊಳ್ಳುವ ಮೊದಲು ಅವರ ಫ್ರಿಜ್ಜಿನಲ್ಲಿ ರಾತ್ರಿ ಒಂದು ಲೋಟ ನೀರು, ಥರ್ಮಾಮೀಟರ್ ಇಟ್ಟು ನೋಡುವವರಿದ್ದೇವೆ.